ಸಿಟಿ ಒಳಗಿನ ಸ್ಮಶಾನದ ದಾಖಲೆ, ರಸ್ತೆ ಗಡಿ ಸರಿಮಾಡಿಸೋದು ಹೇಗೆ: ಪಹಣಿಯಿಂದ ಕಾಂಪೌಂಡ್‌ವರೆಗೆ

ನಮ್ಮಪ್ಪನ್ನ ಮಣ್ಣು ಮಾಡಿದಾಗ ನಮ್ಮ ಬಡಾವಣೆ ಪಕ್ಕದ ರುದ್ರಭೂಮಿ ಗೇಟಿನ ಮುಂದೆ ಎತ್ತಿನಗಾಡಿ ಆರಾಮಾಗಿ ತಿರುಗೋಷ್ಟು ಜಾಗ ಇತ್ತು. ಇಪ್ಪತ್ತು ವರ್ಷ ಬಿಟ್ಟು ದೊಡ್ಡಪ್ಪ ಹೋದಾಗ ಶವದ ವ್ಯಾನ್ ರಸ್ತೆ ಮೇಲೇ ನಿಲ್ಬೇಕಾಯ್ತು, ಹಿಂದೆ ಬಸ್ಸು ಹಾರ್ನ್ ಹೊಡೀತಿತ್ತು, ಹೆಗಲು ಕೊಟ್ಟವರು ಒಂದು ಟೀ ಅಂಗಡಿ ಪಕ್ಕದ ಸಂದಿಯಲ್ಲಿ ಅಡ್ಡಡ್ಡ ತಿರುಗಿ ಒಳಗೆ ಹೋದ್ರು. ಆವತ್ತೇ ಇದರ ಪೇಪರ್ ಹುಡುಕಬೇಕು ಅಂತ ಮನಸ್ಸಿಗೆ ಬಂತು, ಆಮೇಲೆ ನಾಲ್ಕು ವರ್ಷ ನಾನೂ ಬೀದಿಯ ಇನ್ನೊಂದು ಐದಾರು ಜನಾನೂ ತಾಲ್ಲೂಕು ಆಫೀಸು, ಸರ್ವೆ ಆಫೀಸು, ಪಾಲಿಕೆ ಅಂತ ಓಡಾಡಿದ್ವಿ. ಕಲಿತದ್ದನ್ನ ಶುರುವಿನಿಂದ ಬರೀತಿದ್ದೀನಿ, ನಿಮ್ಮೂರಲ್ಲೂ ಇದೇ ಕಥೆ ಇದ್ರೆ ನಮ್ಮಷ್ಟು ಓಡಾಡೋದು ಬೇಡ. ಇದು ಕರ್ನಾಟಕದ ಕಾನೂನು, ಕರ್ನಾಟಕದ ದಾಖಲೆಗಳ ಪ್ರಕಾರ ಬರೆದಿದ್ದು.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಉಳಿದಿದ್ದೆಲ್ಲಾ ಇದರ ಮೇಲೇ ನಿಂತಿದೆ. ಎಲ್ಲರೂ ಸ್ಮಶಾನದ ಅಳತೆ ಮಾಡಿಸಬೇಕು ಅಂತ ಹೋಗ್ತಾರೆ, ರಸ್ತೆಯ ಅಳತೆ ಮಾಡಿಸೋದು ಮರೀತಾರೆ. ಜಾಗ ಕಳೆದುಹೋಗೋದು ಸಮಾಧಿಗಳ ನಡುವೆ ಅಲ್ಲ, ಸ್ಮಶಾನಕ್ಕೂ ರಸ್ತೆಗೂ ಮಧ್ಯದ ಆ ಹತ್ತು ಹದಿನೈದು ಅಡಿ ಪಟ್ಟಿಯಲ್ಲಿ. ಅದು ನಮ್ಮದು ಅಂತ ರಸ್ತೆ ಇಲಾಖೆನೂ ಹೇಳಲ್ಲ, ಪಾಲಿಕೆನೂ ಹೇಳಲ್ಲ, ಹಾಗಾಗಿ ಮೊದಲು ಗೂಡಂಗಡಿ ಬರತ್ತೆ, ಆಮೇಲೆ ಶೀಟ್ ಬರತ್ತೆ, ಆಮೇಲೆ ಕರೆಂಟ್ ಮೀಟರ್ ಬರತ್ತೆ. ಅದಕ್ಕೇ ರಸ್ತೆ ಗಡಿ ಮೊದಲು, ಸ್ಮಶಾನದ ಗಡಿ ಆಮೇಲೆ, ಕಾಂಪೌಂಡ್ ಎಲ್ಲಕ್ಕಿಂತ ಕೊನೆಗೆ.

ಗೊಂದಲ ಎಲ್ಲಿಂದ ಬಂತು

ಈಗ ಸಿಟಿ ನಡುವೆ ಇರೋ ಸ್ಮಶಾನಗಳಲ್ಲಿ ಬಹುಪಾಲು ಒಂದು ಕಾಲದಲ್ಲಿ ಯಾವುದೋ ಹಳ್ಳಿಯ ಅಂಚಿನಲ್ಲಿದ್ದವು. ಹಳ್ಳಿ ಸಿಟಿಗೆ ಸೇರ್ತು, ಆದ್ರೆ ಸರ್ವೆ ನಂಬರ್ ಕಂದಾಯ ಇಲಾಖೆ ಹತ್ರಾನೇ ಉಳೀತು. ಗೇಟು, ನೀರು, ಕಾವಲುಗಾರ ಪಾಲಿಕೆ ಕೈಗೆ ಹೋಯ್ತು. ಮುಂದಿನ ರಸ್ತೆ ಪಿ.ಡಬ್ಲ್ಯೂ.ಡಿ.ಯದ್ದೋ ಪಾಲಿಕೆಯದ್ದೋ ಆಯ್ತು. ಮೂರು ಕಡೆ ಮೂರು ನಕ್ಷೆ, ಒಂದರ ಮೇಲೊಂದು ಇಟ್ಟು ನೋಡಿದವರು ಯಾರೂ ಇಲ್ಲ. ಹುಬ್ಬಳ್ಳಿ ಧಾರವಾಡದ ಕಡೆ ಆದ್ರೆ ಇದರ ಜೊತೆಗೆ ಸಿಟಿ ಸರ್ವೆಯ ಸಿ.ಟಿ.ಎಸ್. ನಂಬರ್ ಬೇರೆ ಇರತ್ತೆ, ಅಲ್ಲಿ ಪ್ರಾಪರ್ಟಿ ಕಾರ್ಡನ್ನೂ ತೆಗೆಸಬೇಕು.

ಮೊದಲ ಕೆಲಸ: ಕಾಲಲ್ಲಿ ಸುತ್ತು ಹಾಕೋದು

ಆಫೀಸಿಗೆ ಹೋಗೋ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಸ್ಮಶಾನದ ಸುತ್ತ ಪೂರ್ತಿ ನಡೀರಿ. ಜೊತೆಗೆ ವಯಸ್ಸಾದವರನ್ನ ಕರ್ಕೊಂಡು ಹೋಗಿ, ಹಳೇ ತೋಟಿ, ನೀರಗಂಟಿ ಮನೆಯವರು, ಗುಂಡಿ ತೋಡೋ ಕೆಲಸ ಮಾಡೋರು, ಇವರಿಗೆ ಗೊತ್ತಿರೋಷ್ಟು ಯಾವ ಅಧಿಕಾರಿಗೂ ಗೊತ್ತಿರಲ್ಲ. ಎಲ್ಲಿ ಬಾಂದುಕಲ್ಲು (ಸರ್ವೆಯವರು ನೆಟ್ಟ ಗಡಿಕಲ್ಲು) ಇತ್ತು, ಹಳೇ ಗಾಡಿದಾರಿ ಯಾವ ಕಡೆಯಿಂದ ಬರ್ತಿತ್ತು, ಕತ್ತಾಳೆ ಬೇಲಿ ಎಲ್ಲಿವರೆಗೆ ಇತ್ತು ಕೇಳಿ. ನಮ್ಮಲ್ಲಿ ಗುಂಡಿ ತೋಡೋ ಅಜ್ಜ ಒಬ್ರು ಲಂಟಾನ ಪೊದೆ ಒಳಗೆ ಕೋಲು ಆಡಿಸಿ ಆಡಿಸಿ ಒಂದು ಕಲ್ಲಿಗೆ ತಾಗಿಸಿದ್ರು, ಬೇವಿನ ಬೇರು ಅದನ್ನ ಅರ್ಧ ನುಂಗಿತ್ತು. ಅದೇ ಮೂರು ನಂಬರ್ ಸೇರೋ ಜಾಗದ ಕಲ್ಲು. ಮುಂದೆ ಇಡೀ ಅಳತೆ ನಿಂತಿದ್ದು ಅದರ ಮೇಲೆ.

ಕಲ್ಲು ಸಿಕ್ರೆ ಕೀಳೋಕೆ, ನೇರ ಮಾಡೋಕೆ, ಸುಣ್ಣ ಬಳಿಯೋಕೆ ಹೋಗ್ಬೇಡಿ. ಇದ್ದ ಹಾಗೇ ನಾಲ್ಕು ದಿಕ್ಕಿನಿಂದ ಫೋಟೋ ತೆಗೀರಿ, ಫೋನಲ್ಲಿ ಲೊಕೇಶನ್ ಆನ್ ಇರಲಿ. ಅಂಚಿನಲ್ಲಿರೋ ಹಳೇ ಸಮಾಧಿಗಳನ್ನೂ ಅದರ ಮೇಲೆ ಕೆತ್ತಿರೋ ಇಸವಿ ಸಮೇತ ಫೋಟೋ ತೆಗೆದಿಡಿ. ಇದು ತುಂಬಾ ಮುಖ್ಯ. 1960ರ ಇಸವಿ ಇರೋ ಒಂದು ಗದ್ದುಗೆ ಅಂಗಡಿಯ ಹಿಂದಿನ ಗೋಡೆಗೆ ತಾಗಿ ನಿಂತಿದೆ ಅಂದ್ರೆ ಆವಾಗ ಆ ಜಾಗ ಸ್ಮಶಾನವಾಗೇ ಇತ್ತು ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇರೆ ಬೇಕಾ. ವೀರಶೈವ ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು, ಇನ್ನೂ ಎಷ್ಟೋ ಸಮುದಾಯದವರು ಹೂಳೋದ್ರಿಂದ ಇಂಥ ಗುರುತು ಸಿಗತ್ತೆ, ಬರೀ ಸುಡೋ ಜಾಗ ಆದ್ರೆ ಸಿಗಲ್ಲ, ಅಲ್ಲಿ ಹಳೇ ಕಟ್ಟೆ, ಬಾವಿ, ಮರ ನೋಡ್ಬೇಕು.

ಎರಡನೇದು: ಪೇಪರ್ ಕೂಡಿಸೋದು

ಬರೀ ಇವತ್ತಿನ ಪಹಣಿ (ಆರ್.ಟಿ.ಸಿ., ಜಮೀನು ಯಾರದ್ದು ಎಷ್ಟು ಅಂತ ತೋರಿಸೋ ಕಂದಾಯ ದಾಖಲೆ) ತೆಗೆದು ಸಾಕು ಅನ್ಕೋಬೇಡಿ, ಅದು ಕಥೆಯ ಕೊನೇ ಪುಟ ಅಷ್ಟೇ. ಸರ್ಕಾರದ ದಿಶಾಂಕ್ ಆ್ಯಪಲ್ಲಿ ಸ್ಮಶಾನದ ಮೇಲೆ ನಿಂತ್ಕೊಂಡ್ರೆ ಸರ್ವೆ ನಂಬರ್ ಸಿಗತ್ತೆ. ಆದ್ರೆ ಅದರ ಗೆರೆಯನ್ನ ಗಡಿ ಅಂತ ವಾದ ಮಾಡೋಕೆ ಹೋಗ್ಬೇಡಿ, ಅದು ದಾರಿ ತೋರಿಸೋಕೆ ಮಾತ್ರ. ನಂಬರ್ ಸಿಕ್ಕಿದ ಮೇಲೆ ಆ ನಂಬರಿಗೂ, ಸುತ್ತ ತಾಗೋ ಪ್ರತಿ ನಂಬರಿಗೂ ಈ ದಾಖಲೆಗಳ ದೃಢೀಕೃತ ನಕಲು ತಗೊಳ್ಳಿ: ಗ್ರಾಮ ನಕ್ಷೆ, ಮೂಲ ಟಿಪ್ಪಣಿ (ಹಳೇ ಸರ್ವೆಯ ಅಳತೆ ಚಿತ್ರ), ಆಕಾರಬಂದು (ಪ್ರತಿ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ), ಪೋಡಿ (ನಂಬರನ್ನ ಭಾಗ ಮಾಡೋದು) ಆಗಿದ್ರೆ ಅದರ ಸ್ಕೆಚ್, ಕೈಬರಹದ ಹಳೇ ಪಹಣಿಗಳು, ಎಂ.ಆರ್. (ಮ್ಯುಟೇಶನ್, ಅಂದ್ರೆ ಹಕ್ಕು ಬದಲಾವಣೆಯ ರಿಜಿಸ್ಟರ್) ಪ್ರತಿಗಳು. ರೆಕಾರ್ಡ್ ರೂಮಿನ ಹಳೇ ಕಾಗದಗಳನ್ನ ಈಗ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡ್ತಿದ್ದಾರೆ, ನಿಮ್ಮ ತಾಲ್ಲೂಕಿಂದು ಆಗಿದ್ರೆ ಕೆಲಸ ಸಲೀಸು.

ಪಹಣಿಯಲ್ಲಿ ಮೂರು ಕಡೆ ಕಣ್ಣಿಡಿ. ಕಾಲಂ 3ರಲ್ಲಿ ಒಟ್ಟು ವಿಸ್ತೀರ್ಣ ಮತ್ತೆ ಖರಾಬು. ಕಾಲಂ 9ರಲ್ಲಿ ಹೆಸರು, ಸರ್ಕಾರಿ ಸ್ಮಶಾನ ಅಂತಿದೆಯಾ, ಬರೀ ಸರ್ಕಾರ ಅಂತಿದೆಯಾ, ಯಾರದ್ದೋ ಖಾಸಗಿ ಹೆಸರಿದೆಯಾ. ಕಾಲಂ 11ರಲ್ಲಿ ಹಕ್ಕು, ಋಣ, ಕೋರ್ಟ್ ತಕರಾರು. ಕೈಬರಹದ ಪಹಣಿ ಯಾಕೆ ಬೇಕು ಅಂದ್ರೆ ಕಂಪ್ಯೂಟರಿಗೆ ಏರಿಸುವಾಗ ಎಷ್ಟೋ ಕಡೆ ಸ್ಮಶಾನ ಅನ್ನೋ ಪದ ಬಿಟ್ಟುಹೋಗಿ ಬರೀ ಸರ್ಕಾರ ಅಂತ ಉಳಿದಿದೆ. ಸರ್ಕಾರ ಅಂತ ಮಾತ್ರ ಇದ್ರೆ ನಾಳೆ ಅದನ್ನ ಬೇರೆ ಕೆಲಸಕ್ಕೆ ಕೊಟ್ಟುಬಿಡಬಹುದು. ನಮ್ಮದರಲ್ಲೂ ಹಾಗೇ ಆಗಿತ್ತು, ಹಳೇ ಪಹಣಿಯ ಒಂದು ಪ್ರತಿ ಸಿಕ್ಕಿರಲಿಲ್ಲ ಅಂದಿದ್ರೆ ನಾವು ಬಾಯಿಮಾತಲ್ಲೇ ಹೋರಾಡ್ಬೇಕಿತ್ತು.

ಖರಾಬು ಅನ್ನೋದು ಚೆನ್ನಾಗಿ ಅರ್ಥ ಆಗ್ಬೇಕು. ಅ ಖರಾಬು ಅಂದ್ರೆ ಜಮೀನಿನವನದ್ದೇ, ಸಾಗುವಳಿಗೆ ಬರಲ್ಲ ಅಷ್ಟೇ. ಬ ಖರಾಬು ಅಂದ್ರೆ ಸಾರ್ವಜನಿಕರದ್ದು: ದಾರಿ, ಹಳ್ಳ, ಕೆರೆ ಹಾಗೇ ಯಾವುದೇ ಸಮುದಾಯ ಹೂಳೋಕೆ ಬಳಸೋ ಜಾಗ. 1966ರ ಭೂಕಂದಾಯ ನಿಯಮಗಳ 21ನೇ ನಿಯಮದಲ್ಲೇ ಇದೆ. ಹಾಗಾಗಿ ಪಕ್ಕದ ಖಾಸಗಿ ನಂಬರಿನಲ್ಲಿ ಆರು ಗುಂಟೆ ಬ ಖರಾಬು ಇದೆ ಅಂದ್ರೆ ಅದು ಹಳೇ ರಸ್ತೆನೋ ಸ್ಮಶಾನದ ಚೂರೋ ಆಗಿರೋ ಸಾಧ್ಯತೆ ಇದೆ, ಲೇಔಟ್ ಮಾಡಿದವನು ಅದನ್ನೂ ಸೇರಿಸಿ ಸೈಟ್ ಮಾಡಿದ್ದಾನಾ ಅಂತ ಲೇಔಟ್ ಪ್ಲಾನ್ ತೆಗೆದು ನೋಡಿ. ಆಫೀಸಲ್ಲಿ ಪೇಪರ್ ಕೊಡೋಕೆ ಸತಾಯಿಸಿದ್ರೆ ಹತ್ತು ರೂಪಾಯಿ ಹಾಕಿ ಆರ್‌ಟಿಐ ಅರ್ಜಿ ಕೊಡಿ, ಮೂವತ್ತು ದಿನದಲ್ಲಿ ಉತ್ತರ ಬರಲೇಬೇಕು. ಜಗಳ ಆಡೋ ಅವಶ್ಯಕತೆ ಇಲ್ಲ.

ಟಿಪ್ಪಣಿ ಓದೋದು ಕಲೀರಿ, ಒಂದು ಸಂಜೆ ಸಾಕು

ಹಳೇ ಟಿಪ್ಪಣಿಯಲ್ಲಿ ಅಳತೆ ಚೈನು ಮತ್ತು ಆಣೆಯಲ್ಲಿರತ್ತೆ. ಒಂದು ಚೈನು ಅಂದ್ರೆ 33 ಅಡಿ, ಅದರಲ್ಲಿ 16 ಆಣೆ, ಅಂದ್ರೆ ಒಂದು ಆಣೆ ಎರಡು ಅಡಿಗಿಂತ ಒಂದು ಚೂರು ಜಾಸ್ತಿ. 33 ಇಂಟು 33 ಮಾಡಿದ್ರೆ 1089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ.

ನಮ್ಮ ಟಿಪ್ಪಣಿಯಲ್ಲಿ ರಸ್ತೆಯಿಂದ ಹಿಂದಿನ ಹಳ್ಳದವರೆಗೆ 3 ಚೈನು 4 ಆಣೆ ಅಂತಿತ್ತು. ಲೆಕ್ಕ ಹಾಕಿದ್ರೆ 99 ಅಡಿ ಪ್ಲಸ್ 8 ಕಾಲು, ಅಂದ್ರೆ 107 ಕಾಲು ಅಡಿ. ಟೇಪ್ ಹಿಡಿದು ಅಳೆದ್ರೆ 93 ಅಡಿ ಬಂತು. ರಸ್ತೆ ಕಡೆಯ ಉದ್ದ 6 ಚೈನು, 198 ಅಡಿ. ಉದ್ದಕ್ಕೂ ಅಷ್ಟೇ ಕಮ್ಮಿ ಅಂತ ಇಟ್ಕೊಂಡ್ರೆ ಎರಡೂವರೆ ಗುಂಟೆಗಿಂತ ಜಾಸ್ತಿ ಹೋಗಿದೆ. ಈ ಲೆಕ್ಕವನ್ನ ಒಂದೇ ಒಂದು ಹಾಳೆಯಲ್ಲಿ ಬರೆದು ಅರ್ಜಿಗೆ ಲಗತ್ತಿಸಿದ ಮೇಲೇ ಅಧಿಕಾರಿಗಳು ಕೂತು ಕೇಳೋಕೆ ಶುರು ಮಾಡಿದ್ದು. ಒತ್ತುವರಿ ಆಗಿದೆ ಒತ್ತುವರಿ ಆಗಿದೆ ಅಂತ ಹತ್ತು ಪುಟ ಬರೆದಾಗ ಯಾರೂ ಓದಿರಲಿಲ್ಲ.

ರಸ್ತೆ: ಇದಕ್ಕೆ ಟೈಮ್ ಕೊಡಿ

ಮುಂದಿನ ರಸ್ತೆ ಯಾರದ್ದು ಅಂತ ಲಿಖಿತವಾಗಿ ಉತ್ತರ ತಗೊಳ್ಳಿ. ಪಾಲಿಕೆನಾ, ಪಿ.ಡಬ್ಲ್ಯೂ.ಡಿ.ನಾ, ಹೆದ್ದಾರಿ ಪ್ರಾಧಿಕಾರನಾ. ಉತ್ತರ ಬಂದ ಮೇಲೆ ಮೂರು ಅಗಲ ಹುಡುಕಬೇಕು. ಗ್ರಾಮ ನಕ್ಷೆಯಲ್ಲಿ ಇದ್ದ ಹಳೇ ಗಾಡಿದಾರಿ ಅಗಲ ಎಷ್ಟು, ಆಮೇಲೆ ಅಗಲ ಮಾಡುವಾಗ ಭೂಸ್ವಾಧೀನ ಆಗಿದ್ರೆ ಎಷ್ಟು ತಗೊಂಡ್ರು, ಮಾಸ್ಟರ್ ಪ್ಲಾನಲ್ಲಿ ಮುಂದಕ್ಕೆ ಎಷ್ಟು ಅಂತ ತೋರಿಸಿದ್ದಾರೆ. ಈ ಮೂರೂ ಒಂದೇ ಅಂತ ಜನ ಅಂದ್ಕೊಂಡಿರ್ತಾರೆ, ಅಲ್ಲೇ ಎಡವಟ್ಟು. ಮಾಸ್ಟರ್ ಪ್ಲಾನಲ್ಲಿ 80 ಅಡಿ ಅಂತ ಗೆರೆ ಎಳೆದ ಮಾತ್ರಕ್ಕೆ ಜಾಗ ರಸ್ತೆಯದ್ದಾಗಲ್ಲ, ಅದು ಯೋಜನೆ ಅಷ್ಟೇ. ಆದ್ರೆ ಅದನ್ನ ಲೆಕ್ಕಕ್ಕೆ ತಗೊಳ್ಳದೆ ಕಾಂಪೌಂಡ್ ಕಟ್ಟಿದ್ರೆ ಐದು ವರ್ಷಕ್ಕೆ ಒಡೀತಾರೆ, ಒಡೆದಾಗ ಅಂಚಿನ ಸಮಾಧಿಗಳೂ ಹೋಗ್ತವೆ.

ರಸ್ತೆಯ ಮಧ್ಯದ ಗೆರೆಯನ್ನ ಈಗಿರೋ ಡಾಂಬರು ನೋಡಿ ನಿರ್ಧಾರ ಮಾಡೋದು ಬೇಡ. ಡಾಂಬರು ಯಾವ ಕಡೆ ಅಡ್ಡಿ ಕಮ್ಮಿಯೋ ಆ ಕಡೆ ಸರೀತಾ ಬಂದಿರತ್ತೆ, ಎದುರುಗಡೆ ಮೂರಂತಸ್ತಿನ ಬಿಲ್ಡಿಂಗ್ ಇದ್ರೆ ರಸ್ತೆ ತಾನಾಗೇ ಸ್ಮಶಾನದ ಕಡೆ ವಾಲತ್ತೆ, ಮಲಗಿದವರು ಎದ್ದು ಬಂದು ತಕರಾರು ಹೇಳಲ್ವಲ್ಲ. ಅದಕ್ಕೇ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೀರಿ: ರಸ್ತೆಯ ಎರಡೂ ಬದಿಯ ಸರ್ವೆ ನಂಬರ್‌ಗಳ ಗಡಿ ಗುರುತಿಸಿ, ನಡುವೆ ಉಳಿಯೋದು ರಸ್ತೆ ಅಂತ ತೋರಿಸಿ. ನಮ್ಮಲ್ಲಿ ಹಾಗೆ ಅಳೆದಾಗ ಗೊತ್ತಾಯ್ತು, ಸ್ಮಶಾನದ ಕಡೆ ಹೋದ ಹದಿನಾಲ್ಕು ಅಡಿಯಲ್ಲಿ ಒಂಬತ್ತು ಅಡಿ ರಸ್ತೆಯೇ ತಿಂದಿತ್ತು, ಯಾಕಂದ್ರೆ ರಸ್ತೆಯ ಜಾಗ ಎದುರು ಸಾಲಿನ ಮೆಟ್ಟಿಲು, ರ‍್ಯಾಂಪ್ ಕೆಳಗೆ ಇತ್ತು. ಅಷ್ಟು ವರ್ಷ ನಾವು ಪೂರ್ತಿ ತಪ್ಪು ಟೀ ಅಂಗಡಿಯವನ ತಲೆ ಮೇಲೆ ಹಾಕಿದ್ವಿ.

ರಸ್ತೆ ನಿಜವಾಗ್ಲೂ ಸ್ಮಶಾನದ ಒಳಗೆ ಬಂದು ಈಗ ವಾಪಸ್ ಸರಿಸೋಕೆ ಆಗಲ್ಲ ಅನ್ನೋ ಸ್ಥಿತಿ ಇದ್ರೆ ಸುಮ್ನೆ ಒಪ್ಪಿಕೊಂಡು ಬರಬೇಡಿ. ಎಷ್ಟು ಗುಂಟೆ ರಸ್ತೆಗೆ ಹೋಗಿದೆ ಅಂತ ಸ್ಕೆಚ್‌ನಲ್ಲಿ ಬರಲಿ, ಜಿಲ್ಲಾಧಿಕಾರಿ ಆದೇಶ ಆಗಲಿ, ಅಷ್ಟೇ ಜಾಗ ಪಕ್ಕದಲ್ಲೋ ಹತ್ತಿರದಲ್ಲೋ ಸ್ಮಶಾನಕ್ಕೆ ಕಾಯ್ದಿರಿಸಲಿ ಅಂತ ಕೇಳಿ. ಸರ್ಕಾರಿ ಜಾಗವನ್ನ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸೋ ಅಧಿಕಾರ ಭೂಕಂದಾಯ ಕಾಯ್ದೆ 71ನೇ ಕಲಂನಲ್ಲಿ ಜಿಲ್ಲಾಧಿಕಾರಿಗೆ ಇದೆ. ಅಂಚಿನಲ್ಲಿ ಸಮಾಧಿ ಇದ್ರೆ ಆ ಮನೆಯವರಿಗೆ ತಿಳಿಸದೆ, ಅನುಮತಿ ಇಲ್ಲದೆ ಜೆ.ಸಿ.ಬಿ. ಬರಕೂಡದು. ಹೂಳಿದ ಜಾಗಕ್ಕೆ ಅವಮಾನ ಮಾಡೋ ಉದ್ದೇಶದಿಂದ ನುಗ್ಗೋದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂನಲ್ಲಿ ಅಪರಾಧ.

ಅಳತೆಗೆ ಅರ್ಜಿ

ಖಾಸಗಿ ಜಮೀನಾದ್ರೆ ಮಾಲೀಕರೇ ಹದ್ದುಬಸ್ತಿಗೆ (ಗಡಿ ಗುರುತಿಸೋ ಅಳತೆಗೆ) ಅರ್ಜಿ ಹಾಕಬಹುದು. ಸರ್ಕಾರಿ ಸ್ಮಶಾನಕ್ಕೆ ನೀವು ಮಾಲೀಕರಲ್ಲ, ಹಾಗಾಗಿ ತಹಶೀಲ್ದಾರ್‌ಗೆ ಮನವಿ ಕೊಡಿ, ಪಾಲಿಕೆ ಆಯುಕ್ತರಿಗೂ ತಾಲ್ಲೂಕಿನ ಸರ್ವೆ ಅಧಿಕಾರಿ ಎ.ಡಿ.ಎಲ್.ಆರ್.ಗೂ ಪ್ರತಿ ಕೊಡಿ, ತಹಶೀಲ್ದಾರ್ ಸರ್ವೆ ಇಲಾಖೆಗೆ ಬರೆದ ಪತ್ರದ ನಂಬರ್, ತಾರೀಖು ಇಟ್ಕೊಳ್ಳಿ. ಮನವಿಗೆ ಎಲ್ಲ ಸಮುದಾಯದವರೂ ಸಹಿ ಹಾಕಿದ್ರೆ ಒಳ್ಳೇದು, ಒಂದು ಜಾತಿಯವರ ಗಲಾಟೆ ಅನ್ನೋ ಹಣೆಪಟ್ಟಿ ಬೀಳಲ್ಲ.

ಅಳತೆ ದಿನ ಅಕ್ಕಪಕ್ಕದವರಿಗೆಲ್ಲಾ ನೋಟಿಸ್ ಹೋಗಿದೆಯಾ ನೋಡಿ. ನೋಟಿಸ್ ಇಲ್ಲದೆ ಮಾಡಿದ ಅಳತೆ ಕೋರ್ಟಲ್ಲಿ ನಿಲ್ಲಲ್ಲ, ಮೊದಲ ಸಲ ನಮ್ಮದು ಹೀಗೇ ಬಿದ್ದುಹೋಗಿ ಎಂಟು ತಿಂಗಳು ಹಾಳಾಯ್ತು. ಈಗ ಸರ್ವೆಯವರು ರೋವರ್ (ಉಪಗ್ರಹದ ಸಿಗ್ನಲ್ ಹಿಡಿದು ಅಳೆಯೋ ಮೆಷಿನ್) ತರ್ತಾರೆ, ಅಳತೆ ಬೇಗ ಆಗತ್ತೆ, ಆದ್ರೆ ಎಷ್ಟೇ ಒಳ್ಳೇ ಮೆಷಿನ್ ಇದ್ರೂ ಶುರು ಮಾಡೋಕೆ ಹಳೇ ಗಟ್ಟಿ ಗುರುತು ಬೇಕೇಬೇಕು. ಅದಕ್ಕೇ ಆ ಬಾಂದುಕಲ್ಲಿನ ವಿಷಯ ಅಷ್ಟು ಒತ್ತಿ ಹೇಳಿದ್ದು. ರಸ್ತೆ ಕಡೆಯ ಇಲಾಖೆಯ ಇಂಜಿನಿಯರ್ ಒಬ್ಬರು ಅವತ್ತು ಇದ್ದು ಮಹಜರಿಗೆ ಸಹಿ ಹಾಕೋ ಹಾಗೆ ಮಾಡಿ. ಅಳತೆ ಒಪ್ಪಿಗೆ ಆಗಿಲ್ಲ ಅಂದ್ರೆ ಜಿಲ್ಲೆಯ ಸರ್ವೆ ಅಧಿಕಾರಿ ಡಿ.ಡಿ.ಎಲ್.ಆರ್. ಹತ್ರ ಮೇಲ್ಮನವಿ ಹೋಗಬಹುದು.

ಜಾಗ ಯಾರ ಹೆಸರಲ್ಲಿದೆ ಅನ್ನೋದ್ರ ಮೇಲೆ ಮುಂದಿನ ದಾರಿ

ಸರ್ಕಾರದ ಹೆಸರಲ್ಲಿದ್ದು ಸ್ಮಶಾನ ಅನ್ನೋ ಪದ ಬಿಟ್ಟುಹೋಗಿದ್ರೆ ತಹಶೀಲ್ದಾರ್ ಹತ್ರ ತಿದ್ದುಪಡಿ ಕೇಳಿ, ಕೈಬರಹದ ಪಹಣಿ ಜೊತೆಗಿಡಿ. ಯಾರೋ ತಪ್ಪು ಮ್ಯುಟೇಶನ್ ಮಾಡಿಸಿಕೊಂಡಿದ್ರೆ ಭೂಕಂದಾಯ ಕಾಯ್ದೆ 136(2)ರ ಅಡಿ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೆ ಅಪೀಲು, ಅಲ್ಲೂ ಆಗದಿದ್ರೆ 136(3)ರ ಅಡಿ ಜಿಲ್ಲಾಧಿಕಾರಿ.

ಕಷ್ಟದ್ದು ಖಾಸಗಿ ಹೆಸರಲ್ಲಿರೋದು. ಅಜ್ಜನ ಕಾಲದಲ್ಲಿ ಯಾರೋ ಪುಣ್ಯಾತ್ಮರು ಊರಿಗೆ ಬಿಟ್ಟುಕೊಟ್ಟಿರ್ತಾರೆ, ಬಾಯಿಮಾತಲ್ಲಿ. ಪಹಣಿಯಲ್ಲಿ ಅವರ ಹೆಸರೇ ಮುಂದುವರಿದಿರತ್ತೆ, ಮೊಮ್ಮಕ್ಕಳಿಗೆ ಪೌತಿ ಖಾತೆ (ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ) ಆಗಿರತ್ತೆ, ಎಕರೆಗೆ ಕೋಟಿ ಬೆಲೆ ಬಂದ ಮೇಲೆ ಅವರಿಗೂ ಆಸೆ ಸಹಜ. ಮೊದಲು ಮನೆಗೆ ಹೋಗಿ ಕೂತು ಮಾತಾಡಿ, ಅವರ ಹಿರಿಯರ ಹೆಸರನ್ನ ಗೇಟಿನ ಮೇಲೆ ಹಾಕಿಸ್ತೀವಿ ಅಂತ ಹೇಳಿ, ನೋಂದಣಿ ಮಾಡಿಸಿದ ದಾನಪತ್ರ ಪಾಲಿಕೆ ಹೆಸರಿಗೆ ಆಗೋ ಹಾಗೆ ನೋಡಿ. ನೂರಕ್ಕೆ ನೂರು ಆಗತ್ತೆ ಅಂತಲ್ಲ, ಆದ್ರೆ ನೋಟಿಸ್ ಕಳಿಸಿ ಶುರು ಮಾಡಿದ್ರೆ ಆಗೋದೇ ಇಲ್ಲ.

ಖಬರಸ್ಥಾನ ಆದ್ರೆ ವಕ್ಫ್ ಮಂಡಳಿಯ ಗೆಜೆಟ್‌ನಲ್ಲಿರೋ ವಿಸ್ತೀರ್ಣ, ಪಹಣಿ ವಿಸ್ತೀರ್ಣ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಜಿಲ್ಲಾ ವಕ್ಫ್ ಕಚೇರಿಯನ್ನ ಬಿಟ್ಟು ಒಂದು ಹೆಜ್ಜೆನೂ ಇಡಬೇಡಿ. ಕ್ರೈಸ್ತರ ಸಮಾಧಿಭೂಮಿ ಆದ್ರೆ ಚರ್ಚಿನ ಟ್ರಸ್ಟ್ ಅಥವಾ ಧರ್ಮಪ್ರಾಂತ್ಯದ ಹತ್ರ ಹಳೇ ಮಂಜೂರಾತಿ ಪತ್ರ, ಹೂಳಿದವರ ರಿಜಿಸ್ಟರ್ ಇರತ್ತೆ. ಆ ರಿಜಿಸ್ಟರಿನಷ್ಟು ಒಳ್ಳೇ ದಾಖಲೆ ಬೇರೆ ಸ್ಮಶಾನಗಳಿಗೆ ಸಿಗೋದು ಅಪರೂಪ.

ಒತ್ತುವರಿ ಬಿಡಿಸೋದು

ಸರ್ಕಾರಿ ಜಾಗ ಆದ್ರೆ ಭೂಕಂದಾಯ ಕಾಯ್ದೆ 104ನೇ ಕಲಂನಲ್ಲಿ ನೇರವಾಗಿ ತೆರವು ಮಾಡಿಸಬಹುದು, 192-ಎ ಅಡಿ ಕೇಸೂ ಹಾಕಬಹುದು, ದೊಡ್ಡ ಕುಳ ಆದ್ರೆ 2011ರ ಭೂಕಬಳಿಕೆ ನಿಷೇಧ ಕಾಯ್ದೆಯ ವಿಶೇಷ ನ್ಯಾಯಾಲಯ ಇದೆ. ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಕೇಸಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ, ಮನವಿಯಲ್ಲಿ ಅದನ್ನ ಉಲ್ಲೇಖ ಮಾಡಿ. ಸಾರ್ವಜನಿಕ ರಸ್ತೆಯ ಜಾಗ ವಾಪಸ್ ಕೇಳಿ ಸ್ಥಳೀಯ ಸಂಸ್ಥೆ ದಾವೆ ಹೂಡೋಕೆ ಕಾಲಮಿತಿ 30 ವರ್ಷ, ಸರ್ಕಾರಕ್ಕೂ 30 ವರ್ಷ. ಹಾಗಾಗಿ ಯಾವಾಗ ಒತ್ತುವರಿ ಆಯ್ತು ಅನ್ನೋ ಸಾಕ್ಷಿ ಮುಖ್ಯ. ಕಂಪ್ಯೂಟರಲ್ಲಿ ಗೂಗಲ್ ಅರ್ಥ್ ಹಾಕಿ ಹಳೇ ಇಸವಿಗಳ ಉಪಗ್ರಹ ಚಿತ್ರ ಒಂದೊಂದಾಗಿ ನೋಡಿದ್ರೆ ಶೀಟ್ ಯಾವ ವರ್ಷ ಬಂತು ಅಂತ ಹೆಚ್ಚುಕಮ್ಮಿ ಗೊತ್ತಾಗತ್ತೆ. ಮನೆ ಕಟ್ಕೊಂಡವರು ಭೂಕಂದಾಯ ಕಾಯ್ದೆ 94-ಸಿಸಿ ಅಡಿ ಸಕ್ರಮಕ್ಕೆ ಅರ್ಜಿ ಹಾಕಿದ್ದಾರಾ ಅಂತ ತಾಲ್ಲೂಕು ಆಫೀಸಲ್ಲಿ ವಿಚಾರಿಸಿ, ಹಾಕಿದ್ರೆ ಇದು ಸ್ಮಶಾನದ ನಂಬರ್ ಅಂತ ತಕ್ಷಣ ಲಿಖಿತ ಆಕ್ಷೇಪಣೆ ಕೊಡಿ.

ಇಲ್ಲಿ ನನ್ನ ಅಭಿಪ್ರಾಯ ಒಂದಿದೆ. ಹೂವಿನ ಅಂಗಡಿ, ಚಟ್ಟ ಕಟ್ಟೋರು, ಗುಂಡಿ ತೋಡೋರ ಗುಡಿಸಲು, ಇವರನ್ನ ದೊಡ್ಡ ಒತ್ತುವರಿದಾರರ ಜೊತೆ ಒಂದೇ ಪಟ್ಟಿಯಲ್ಲಿ ಹಾಕಬೇಡಿ. ಸ್ಮಶಾನ ನಡೀತಿರೋದೇ ಇವರಿಂದ. ಬಡವರನ್ನ ಬೆಳಿಗ್ಗೆ ಎಬ್ಬಿಸಿ, ಪಕ್ಕದ ಕಾಂಪ್ಲೆಕ್ಸಿನವರಿಗೆ ಸ್ಟೇ ತರೋಕೆ ಟೈಮ್ ಕೊಟ್ಟ ಕಾರ್ಯಾಚರಣೆ ಒಂದನ್ನ ನಾನೇ ನೋಡಿದ್ದೀನಿ, ಆವತ್ತಿನ ರಾತ್ರಿ ಊಟ ಸೇರಲಿಲ್ಲ. ಅಂಥವರಿಗೆ ಗೇಟಿನ ಒಳಗೋ ಪಕ್ಕದಲ್ಲೋ ಪಾಲಿಕೆಯಿಂದ ಜಾಗ ಗುರುತು ಮಾಡಿಸಿದ ಮೇಲೇ ತೆರವಿನ ಮಾತು ಎತ್ತಿ. ನಮ್ಮ ಟೀ ಅಂಗಡಿಯವನಿಗೂ ಹಾಗೇ ಮಾಡಿದ್ವಿ.

ಕೊನೇ ಹಂತ: ಖಾತೆ, ಗೋಡೆ, ಫೈಲು

ಸ್ಕೆಚ್ ಬಂದ ಮೇಲೆ ಅದರ ಪ್ರಕಾರ ಪಹಣಿ ವಿಸ್ತೀರ್ಣ ಸರಿಯಾಗಬೇಕು, ಪಾಲಿಕೆ ಆಸ್ತಿ ರಿಜಿಸ್ಟರಲ್ಲಿ ಸ್ಮಶಾನ ಅಂತಲೇ ಖಾತೆ ಆಗ್ಬೇಕು, ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ಬರೀ ರಸ್ತೆ ಅಂತ ಬರೆಯದೆ ಅಳತೆ ಸಮೇತ ಬರೀಬೇಕು. ಗ್ರಾಮ ಆಡಳಿತ ಅಧಿಕಾರಿ ಲ್ಯಾಂಡ್ ಬೀಟ್ ಆ್ಯಪಲ್ಲಿ ಸರ್ಕಾರಿ ಜಾಗಗಳನ್ನ ಗುರುತು ಮಾಡ್ತಾರೆ, ನಿಮ್ಮ ನಂಬರ್ ಅದರಲ್ಲಿ ಬಂದಿದೆಯಾ ಕೇಳಿ.

ಗೋಡೆಯ ಮಾತು ಇವೆಲ್ಲಾ ಮುಗಿದ ಮೇಲೆ. ಯಾರೋ ಜನಪ್ರತಿನಿಧಿ ಅನುದಾನ ಬಂದಿದೆ, ಮಾರ್ಚ್ ಒಳಗೆ ಖರ್ಚಾಗ್ಬೇಕು ಅಂತ ಅವಸರ ಮಾಡ್ತಾರೆ. ಒಪ್ಪಬೇಡಿ. ಒತ್ತುವರಿ ಬಿಟ್ಟು ಒಳಗೆ ಕಟ್ಟಿದ ಕಾಂಪೌಂಡ್ ಅಂದ್ರೆ ಹೊರಗಿನ ಜಾಗವನ್ನ ನಾವೇ ಬರೆದುಕೊಟ್ಟ ಹಾಗೆ, ಮುಂದೆ ಎಲ್ಲರೂ ಆ ಗೋಡೆಯನ್ನೇ ಗಡಿ ಅಂತ ತೋರಿಸ್ತಾರೆ. ಅಲ್ಲಿವರೆಗೆ ಕಲ್ಲುಕಂಬ, ತಂತಿ ಸಾಕು. ಗೇಟನ್ನ ರಸ್ತೆ ಅಂಚಿಗೆ ಇಡದೆ ಒಂದಿಪ್ಪತ್ತು ಅಡಿ ಒಳಗೆ ತಗೊಳ್ಳಿ, ವ್ಯಾನ್ ರಸ್ತೆ ಬಿಟ್ಟು ನಿಲ್ಲಬೇಕು, ಹೆಗಲು ಕೊಡೋರು ನೇರ ನಡೆದು ಒಳಗೆ ಹೋಗಬೇಕು.

ಎಲ್ಲ ಕಾಗದ ಮೂರು ಸೆಟ್ ಮಾಡಿ, ಒಂದು ಪಾಲಿಕೆಗೆ, ಒಂದು ಊರಿನ ಸಮಿತಿಗೆ, ಒಂದು ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರ ಕೈಗೆ. ನಮ್ಮ ಮೂರನೇ ಸೆಟ್ ಈಗ ಆ ಗುಂಡಿ ತೋಡೋ ಅಜ್ಜನ ಮೊಮ್ಮಗಳ ಹತ್ರ ಇದೆ, ಡಿಗ್ರಿ ಓದ್ತಿದ್ದಾಳೆ, ಬಾಂದುಕಲ್ಲುಗಳನ್ನ ವರ್ಷಕ್ಕೊಂದು ಸಲ ಮಹಾಲಯ ಅಮಾವಾಸ್ಯೆ ಹಿಂದಿನ ಭಾನುವಾರ ಹೋಗಿ ನೋಡಿ ಫೋಟೋ ಹಾಕ್ತಾಳೆ.